ಭಿತ್ತಿಚಿತ್ರ, ದಿನಚರಿ, ಪ್ರಯೋಗ, ಅಭಿನಯ: ಆರೋಗ್ಯ ಪಾಠದ ಒಂದು ಹೋಲಿಕೆ

ನಡವಳಿಕೆಯಿಂದ ಆರೋಗ್ಯ ಹೇಗೆ ಕೆಡುತ್ತದೆ, ಹೇಗೆ ಸುಧಾರಿಸುತ್ತದೆ ಎಂಬುದನ್ನು ಆರರಿಂದ ಎಂಟನೆಯ ತರಗತಿಯವರೆಗಿನ ಮಕ್ಕಳಿಗೆ ಕಲಿಸಲು ಗದಗ ಜಿಲ್ಲೆಯ ನಮ್ಮ ಶಾಲೆಯಲ್ಲಿ ನಾನು ಬಳಸಿ ನೋಡಿದ ವಿಧಾನಗಳ ಪೈಕಿ ಎಲ್ಲಕ್ಕಿಂತ ಸುಲಭವಾದದ್ದು ಭಿತ್ತಿಚಿತ್ರ. ಎಲ್ಲಕ್ಕಿಂತ ಕಡಿಮೆ ಫಲ ಕೊಟ್ಟದ್ದೂ ಅದೇ. ತಂಬಾಕಿನ ಪೊಟ್ಟಣದ ಶೇ. 85ರಷ್ಟು ಜಾಗದಲ್ಲಿ ಎಚ್ಚರಿಕೆ ಇರಬೇಕೆಂಬ ನಿಯಮ 2016ರಿಂದ ಜಾರಿಯಲ್ಲಿರುವುದರಿಂದ, ಬಾಯಿ ಕ್ಯಾನ್ಸರಿನ ಚಿತ್ರವನ್ನು ಮಕ್ಕಳು ಕಿರಾಣಿ ಅಂಗಡಿಯಲ್ಲಿಯೇ ದಿನವೂ ನೋಡಿರುತ್ತಾರೆ. ಅದನ್ನೇ ದೊಡ್ಡದು ಮಾಡಿ ಗೋಡೆಗೆ ಹಚ್ಚಿದಾಗ, "ನಮ್ಮ ಕಾಕಾ ಮೊದ್ಲಿಂದ ತಿಂತಾನ್ರೀ ಸರ, ಅವಂಗೇನೂ ಆಗಿಲ್ಲ" ಎಂಬ ಉತ್ತರ ಬಂತು.

ಮಕ್ಕಳಿಂದ ದಿನಚರಿ ಬರೆಸುವುದರ ತೊಂದರೆ ಬೇರೆ ರೀತಿಯದು. ಸರಿಯುತ್ತರ ಯಾವುದೆಂದು ಮಕ್ಕಳಿಗೆ ಮೊದಲೇ ಗೊತ್ತಿರುವುದರಿಂದ ಎಲ್ಲರೂ ದಿನಕ್ಕೆ ಎರಡು ಸಲ ಹಲ್ಲುಜ್ಜಿದ್ದೇವೆಂದೇ ಬರೆಯುತ್ತಾರೆ. ಆದರೆ ಊಟವಾದ ಕೂಡಲೇ ಚಹಾ ಕುಡಿದಿರಾ ಎಂಬ ಒಂದೇ ಪ್ರಶ್ನೆಗೆ ದಿನಚರಿಯನ್ನು ಇಳಿಸಿದಾಗ, ಅದರಲ್ಲಿ ತಪ್ಪೇನೆಂದು ಯಾರಿಗೂ ತಿಳಿಯದ ಕಾರಣ ನಿಜವಾದ ಉತ್ತರಗಳು ಬಂದವು. ಚಹಾದಲ್ಲಿರುವ ಟ್ಯಾನಿನ್ ಊಟದಲ್ಲಿನ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತದೆ ಎಂದು ಆಮೇಲೆ ವಿವರಿಸಿದರೆ, 60 ಮಿಲಿಗ್ರಾಂ ಕಬ್ಬಿಣವಿರುವ ನೀಲಿ ಗುಳಿಗೆಯನ್ನು ಶಾಲೆಯಲ್ಲಿ ವಾರಕ್ಕೊಮ್ಮೆ ಏಕೆ ಕೊಡುತ್ತಾರೆಂಬುದೂ ಜತೆಗೇ ಅರ್ಥವಾಗುತ್ತದೆ.

ನನ್ನ ಒಲವು ಕೈತೊಳೆಯುವುದನ್ನು ಕಲಿಸುವ ಪ್ರಯೋಗದ ಕಡೆಗೆ. ಶೇಂಗಾ ಎಣ್ಣೆಗೆ ಅರಿಸಿನ ಕಲೆಸಿ ಮೂವರ ಕೈಗೆ ಸವರಿ, ಒಬ್ಬರಿಗೆ ಬರೀ ನೀರು, ಇನ್ನೊಬ್ಬರಿಗೆ ಸಾಬೂನಿನಿಂದ ಅವಸರದ ತೊಳೆತ, ಮೂರನೆಯವರಿಗೆ ಸಾಬೂನಿನಿಂದ 20 ಸೆಕೆಂಡು ಬೆರಳಸಂದಿಯವರೆಗೂ ಉಜ್ಜುವ ಕೆಲಸ ಕೊಟ್ಟು, ಕೊನೆಗೆ ಬಿಳಿ ಬಟ್ಟೆಯಿಂದ ಒರೆಸಲು ಹೇಳಬೇಕು. ಸಾಬೂನಿನ ಕ್ಷಾರ ತಾಗಿದ ಕೂಡಲೇ ಅರಿಸಿನ ಕೆಂಪಾಗುತ್ತದೆ. ಅವಸರ ಮಾಡಿದವರ ಉಗುರಿನ ಅಂಚಿನಲ್ಲಿ ಹಾಗೂ ಹೆಬ್ಬೆರಳಿನ ಬುಡದಲ್ಲಿ ಆ ಕೆಂಪು ಉಳಿದದ್ದನ್ನು ಕಂಡು ಇಡೀ ತರಗತಿ ತಮ್ಮ ತಮ್ಮ ಉಗುರು ನೋಡಿಕೊಂಡಿತು. ಅರಿಸಿನ ಚರ್ಮಕ್ಕೇ ಹತ್ತಿಕೊಳ್ಳುವ ಬಣ್ಣವಾದ್ದರಿಂದ ಚೆನ್ನಾಗಿ ತೊಳೆದ ಕೈಯಲ್ಲಿಯೂ ಸ್ವಲ್ಪ ಹಳದಿ ಇರುತ್ತದೆ ಎಂಬುದನ್ನೂ, ಕಲೆಯೇ ರೋಗಾಣುವಲ್ಲ ಎಂಬುದನ್ನೂ ಮೊದಲೇ ಹೇಳಬೇಕು.

ತಂಬಾಕಿನ ವಿಷಯಕ್ಕೆ ಮಾತ್ರ ಅಭಿನಯವೇ ಮೇಲು. ಕರ್ನಾಟಕದಲ್ಲಿ 2013ರಲ್ಲಿಯೇ ಗುಟ್ಕಾ ನಿಷೇಧವಾಗಿದ್ದರೂ ಪಾನ್ ಮಸಾಲಾ ಒಂದು ಪೊಟ್ಟಣದಲ್ಲಿ, ತಂಬಾಕು ಇನ್ನೊಂದರಲ್ಲಿ ಸಿಗುತ್ತವೆ. ಎರಡನ್ನೂ ಅಂಗೈಯಲ್ಲಿ ಕಲೆಸಿ ಮೊದಲ ಸಲ ಕೊಡುವವನು ಅಪರಿಚಿತನಲ್ಲ, ಗೆಳೆಯ. ಅವನಿಗೆ ಬೇಡವೆನ್ನುವುದನ್ನು ಬಾಯಿಬಿಟ್ಟು ರೂಢಿ ಮಾಡಿಕೊಳ್ಳದೆ ಬರೀ ಹಾನಿಯ ಪಟ್ಟಿ ಬಾಯಿಪಾಠ ಮಾಡಿದರೆ ಉಪಯೋಗವಿಲ್ಲ. ಒತ್ತಾಯ ಮಾಡುವ ಪಾತ್ರದಲ್ಲಿ ಮಕ್ಕಳು ಹೆಚ್ಚು ಮಿಂಚುತ್ತಾರೆ, ಆದ್ದರಿಂದ ಪಾತ್ರ ಅದಲುಬದಲು ಮಾಡಿಸಲೇಬೇಕು.

ನಾಲ್ಕೂ ವಿಧಾನಗಳು ಸೋಲುವ ಜಾಗವೊಂದಿದೆ. ಮುಂಡರಗಿ ಕಡೆಯ ಕೆಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಮೀರಿರುತ್ತದೆ. ಅಲ್ಲಿನ ಮಗುವಿನ ಹಲ್ಲಿನ ಕಂದು ಕಲೆಗೆ ಕಾರಣ ನೀರು, ಸೋಮಾರಿತನವಲ್ಲ. ಸ್ವಚ್ಛತೆಯ ಪಾಠದ ನಡುವೆ ಅಂಥ ಮಗುವನ್ನು ಎದ್ದು ನಿಲ್ಲಿಸಿ ಹಲ್ಲು ತೋರಿಸೆನ್ನಬಾರದು.