12 ಸ್ಪೀಡ್ ಅಂದ ಮಾತ್ರಕ್ಕೆ ಎಲ್ಲಾ 12 ಒಂದೇ ಅಲ್ಲ

ಮೌಂಟನ್ ಬೈಕನ್ನು ಬಿಡಿಭಾಗ ತಂದು ನೀವೇ ಜೋಡಿಸುವ ಯೋಚನೆಯಲ್ಲಿದ್ದೀರಾ? ಹಾಗಾದರೆ ದುಡ್ಡು ಕಟ್ಟುವ ಮುಂಚೆ ಇದನ್ನೊಮ್ಮೆ ಓದಿಬಿಡಿ. ನನ್ನ ಕಡೆ ಹೋದದ್ದು ಒಂದು ಡಿರೇಲರ್ (ಚೈನನ್ನು ಗೇರ್‌ನಿಂದ ಗೇರ್‌ಗೆ ಸರಿಸುವ ಭಾಗ), ಅದನ್ನು ಫ್ರೇಮ್‌ಗೆ ಹಿಡಿದಿಡುವ ಒಂದು ಹ್ಯಾಂಗರ್, ಹಿಂದಿನ ಚಕ್ರದ ನಾಲ್ಕು ಕಡ್ಡಿ. ಮೊಣಕಾಲಿನ ಚರ್ಮ ಬೇರೆ ಲೆಕ್ಕ.

ಫ್ರೇಮ್ ಸೆಕೆಂಡ್ ಹ್ಯಾಂಡ್. ಹಿಂದೆಯೂ ಸಸ್ಪೆನ್ಷನ್ ಇರುವ ಜಾತಿ, ಹಿಂಭಾಗ 148 ಮಿ.ಮೀ. ಬೂಸ್ಟ್, ಅಂದರೆ ಹಿಂದಿನ ಚಕ್ರ ಕೂರುವ ಜಾಗ ಹಳೇ ಅಳತೆಗಿಂತ ಅಗಲ. ಜೊತೆಗೆ ಚಕ್ರಗಳೂ ಬಂದವು. ಬಾಕಿ ಉಳಿದದ್ದು ಡ್ರೈವ್‌ಟ್ರೇನ್, ಅಂದರೆ ಪೆಡಲಿನಿಂದ ಹಿಂದಿನ ಚಕ್ರದವರೆಗಿನ ಗೇರ್, ಚೈನ್ ಎಲ್ಲಾ. ನನಗೆ ಬೇಕಿದ್ದದ್ದು 12 ಸ್ಪೀಡ್, ಅಂದರೆ ಹಿಂದೆ ಹನ್ನೆರಡು ಗೇರ್. ಇಡೀ ಸೆಟ್ ಒಟ್ಟಿಗೆ ಕೊಳ್ಳುವುದು ಬಿಟ್ಟು, ಎಲ್ಲಿ ಯಾವುದು ಕಡಿಮೆಗೆ ಸಿಗುತ್ತದೋ ಅಲ್ಲಿ ಅದನ್ನು ಹೆಕ್ಕುತ್ತಾ ಹೋದೆ. ಕ್ಯಾಸೆಟ್ (ಹಿಂದಿನ ಗೇರ್‌ಗಳ ಗೊಂಚಲು) ಮತ್ತು ಡಿರೇಲರ್ ಶಿಮಾನೋ ಕಂಪನಿಯದ್ದು. ಹ್ಯಾಂಡಲ್ ಮೇಲೆ ಗೇರ್ ಬದಲಿಸುವ ಶಿಫ್ಟರ್ ಮಾತ್ರ ಇನ್ನೊಂದು ಕಂಪನಿ ಸ್ರ್ಯಾಮ್‌ನ 12 ಸ್ಪೀಡ್ ಈಗಲ್. ಪೆಡಲ್ ಕೂರುವ ಕ್ರ್ಯಾಂಕ್ ನನ್ನ ಹಳೇ ಬೈಕಿನದ್ದೇ, ಅದೂ ಸ್ರ್ಯಾಮ್. ಶಿಫ್ಟರ್ ಮಾರುತ್ತಿದ್ದವರನ್ನು ಕೇಳಿದ್ದೆ ಕೂಡ. "12 ಸ್ಪೀಡ್ ತಾನೇ, ಎಲ್ಲಕ್ಕೂ ಆಗುತ್ತೆ" ಅಂದರು. ಕೇಳಬೇಕು ಅಂತ ಆಸೆ ಇದ್ದದ್ದೂ ಅದೇ ಉತ್ತರ, ಹಾಗಾಗಿ ಮುಂದೆ ಕೇಳಲಿಲ್ಲ.

ಮೊದಲ ಏಟು ಪೆಟ್ಟಿಗೆ ಬಿಚ್ಚಿದ ದಿನವೇ ಬಿತ್ತು. ಕ್ಯಾಸೆಟ್ 10-51, ಅಂದರೆ ಅತಿ ಚಿಕ್ಕ ಗೇರ್‌ಗೆ 10 ಹಲ್ಲು, ಅತಿ ದೊಡ್ಡದಕ್ಕೆ 51. ನನ್ನ ಹಬ್‌ನ (ಚಕ್ರದ ನಡುಭಾಗ) ಮೇಲಿದ್ದದ್ದು ಹಳೇ ಎಚ್‌ಜಿ ಜಾತಿಯ ಫ್ರೀಹಬ್, ಅಂದರೆ ಕ್ಯಾಸೆಟ್ ಕೂರುವ ತುಂಡು. ಅದರ ದಪ್ಪಕ್ಕೆ 10 ಹಲ್ಲಿನ ಪುಟ್ಟ ಗೇರ್ ಕೂರುವುದೇ ಇಲ್ಲ, 11 ಹಲ್ಲೇ ಕೊನೆ. 10 ಹಲ್ಲು ಬೇಕೆಂದರೆ ಶಿಮಾನೋಗೆ ಮೈಕ್ರೋ ಸ್ಪ್ಲೈನ್, ಸ್ರ್ಯಾಮ್‌ಗೆ ಎಕ್ಸ್‌ಡಿ, ಹೀಗೆ ಬೇರೆ ಬೇರೆ ಫ್ರೀಹಬ್ ಬೇಕು. ಒಂದಕ್ಕೊಂದು ಆಗುವುದಿಲ್ಲ. ಸ್ರ್ಯಾಮ್‌ನಲ್ಲೇ ಎನ್‌ಎಕ್ಸ್, ಎಸ್‌ಎಕ್ಸ್ ಈಗಲ್‌ನ 11-50 ಕ್ಯಾಸೆಟ್ ತಂದಿದ್ದರೆ ನನ್ನ ಹಳೇ ಹಬ್‌ಗೇ ಕೂರುತ್ತಿತ್ತು, ಅದು ಗೊತ್ತಾಗಿದ್ದು ಆಮೇಲೆ. ಪುಣ್ಯಕ್ಕೆ ನನ್ನ ಹಬ್‌ಗೆ ಮೈಕ್ರೋ ಸ್ಪ್ಲೈನ್ ಬಾಡಿ ಬೇರೆಯಾಗಿ ಸಿಕ್ಕಿತು. ಎಲ್ಲಾ ಹಬ್‌ಗೂ ಸಿಗುವುದಿಲ್ಲ. ಇದು ಕೆಟ್ಟ ತಪ್ಪಲ್ಲ ಬಿಡಿ. ಕೂರಲಿಲ್ಲ, ಕಣ್ಣಿಗೆ ಕಂಡಿತು, ಸರಿ ಮಾಡಿದೆ. ನಿಜವಾಗಿ ಹೆದರಬೇಕಾದದ್ದು ಕೂರುವ ಭಾಗಗಳಿಗೆ.

ಯಾಕೆಂದರೆ ಶಿಫ್ಟರ್ ಕೂತಿತು. ಕೇಬಲ್ ಎಳೆದೆ, ಡಿರೇಲರ್‌ಗೆ ಕಟ್ಟಿದೆ. ಸ್ಟ್ಯಾಂಡ್ ಮೇಲೆ ಪೆಡಲ್ ತಿರುಗಿಸಿದರೆ ಗೇರ್ ಬದಲಾಗುತ್ತಿತ್ತು. ಅತಿ ಚಿಕ್ಕದು ಸರಿ, ಅತಿ ದೊಡ್ಡದೂ ಸರಿ. ನಡುವೆ ಮಾತ್ರ ಟಿಕ್ ಟಿಕ್ ಸದ್ದು, ಒಂದೊಂದು ಸಲ ಒಂದು ಕ್ಲಿಕ್ಕಿಗೆ ಏನೂ ಆಗದೆ ಮುಂದಿನದ್ದಕ್ಕೆ ಎರಡು ಹಾರುತ್ತಿತ್ತು. ಹೊಸ ಕೇಬಲ್, ಹಿಗ್ಗುತ್ತಿದೆ, ಒಂದೆರಡು ಸವಾರಿ ಆದರೆ ಸರಿಹೋಗುತ್ತೆ ಅಂದುಕೊಂಡೆ. ಮೂರು ಸಂಜೆ ಕೇಬಲ್ ಬಿಗಿ ಹೊಂದಿಸುವ ಬ್ಯಾರೆಲ್ ಅಡ್ಜಸ್ಟರ್ ತಿರುಗಿಸಿದ್ದೇ ತಿರುಗಿಸಿದ್ದು! ಮೇಲಿನ ಗೇರ್ ಸರಿಮಾಡಿದರೆ ಕೆಳಗಿನದ್ದು ಕೆಡುತ್ತಿತ್ತು, ಕೆಳಗಿನದ್ದು ಸರಿಮಾಡಿದರೆ ಮೇಲಿನದ್ದು.

ಅದು ಅಡ್ಜಸ್ಟ್‌ಮೆಂಟಿನಿಂದ ಸರಿಹೋಗುವ ವಿಷಯವೇ ಅಲ್ಲ. ಶಿಫ್ಟರ್ ಒಂದು ಕ್ಲಿಕ್ಕಿಗೆ ಇಷ್ಟು ಕೇಬಲ್ ಎಳೆಯುತ್ತದೆ, ಡಿರೇಲರ್ ಅಷ್ಟು ಕೇಬಲ್‌ಗೆ ಇಷ್ಟು ಸರಿಯುತ್ತದೆ. ಈ ಎರಡು ಲೆಕ್ಕ ಸೇರಿ ಕ್ಯಾಸೆಟ್‌ನ ಗೇರ್‌ಗಳ ನಡುವಿನ ದೂರಕ್ಕೆ ಸಮ ಆಗಬೇಕು. ಸ್ರ್ಯಾಮ್ ಲೆಕ್ಕ ಬೇರೆ, ಶಿಮಾನೋ ಲೆಕ್ಕ ಬೇರೆ. ಒಂದು ಕ್ಲಿಕ್ಕಿಗೆ 0.2 ಮಿ.ಮೀ. ವ್ಯತ್ಯಾಸ ಇದೆ ಅಂತಲೇ ಇಟ್ಟುಕೊಳ್ಳಿ. ಹನ್ನೊಂದು ಕ್ಲಿಕ್ ದಾಟುವಷ್ಟರಲ್ಲಿ ಅದು 2.2 ಮಿ.ಮೀ. ಆಯಿತು, ಎರಡು ಗೇರ್‌ಗಳ ನಡುವಿನ ದೂರದ ಅರ್ಧಕ್ಕಿಂತ ಜಾಸ್ತಿ. ಬ್ಯಾರೆಲ್ ಅಡ್ಜಸ್ಟರ್ ಇಡೀ ಸಾಲನ್ನು ಆಚೆ ಈಚೆ ಸರಿಸುತ್ತದೆ ಅಷ್ಟೇ, ಹೆಜ್ಜೆಯ ಅಳತೆಯನ್ನು ಬದಲಿಸುವುದಿಲ್ಲ. ಹಾಗಾದರೆ ಎರಡು ತುದಿ ಸರಿ ಕಂಡಿದ್ದು ಹೇಗೆ? ಅಲ್ಲಿ ಡಿರೇಲರ್ ಇನ್ನೂ ಆಚೆ ಹೋಗದ ಹಾಗೆ ಲಿಮಿಟ್ ಸ್ಕ್ರೂ ತಡೆದು ನಿಲ್ಲಿಸುತ್ತದೆ. ನನಗೆ ಮೋಸ ಆಗಿದ್ದು ಅಲ್ಲೇ.

ಒಂದೇ ಕಂಪನಿ ಆದರೆ ಸಾಕು ಅಂದುಕೊಂಡರೆ ಅದೂ ತಪ್ಪು. ಶಿಮಾನೋದ 9 ಸ್ಪೀಡ್ ಶಿಫ್ಟರ್ ಅದೇ ಶಿಮಾನೋದ 10 ಸ್ಪೀಡ್ ಮೌಂಟನ್ ಡಿರೇಲರ್ ಜೊತೆ ಹೊಂದುವುದಿಲ್ಲ, 10ಕ್ಕೆ ಬಂದಾಗ ಕೇಬಲ್ ಎಳೆತವನ್ನೇ ಬದಲಿಸಿದರು. ಅವರದೇ ಲಿಂಕ್‌ಗ್ಲೈಡ್ 11 ಸ್ಪೀಡ್ ಕ್ಯಾಸೆಟ್ ಹಳೇ ಎಚ್‌ಜಿ ಫ್ರೀಹಬ್ ಮೇಲೆ ಚೆನ್ನಾಗಿ ಕೂರುತ್ತದೆ, ಆದರೆ ಮಾಮೂಲಿ 11 ಸ್ಪೀಡ್ ಶಿಫ್ಟರ್‌ಗೆ ಅದರ ಅಂತರ ಹೊಂದುವುದಿಲ್ಲ. ಸಂಖ್ಯೆ ನೋಡಬೇಡಿ, ಮಾಡೆಲ್ ನಂಬರ್ ನೋಡಿ. ಶಿಮಾನೋ ತನ್ನ ಹೊಂದಾಣಿಕೆ ಪಟ್ಟಿಯನ್ನು ಬಿಟ್ಟಿಯಾಗಿ ಹಾಕಿದೆ. ನಾನು ತೆರೆದೇ ನೋಡಿರಲಿಲ್ಲ.

ಚೈನ್‌ರಿಂಗ್ (ಕ್ರ್ಯಾಂಕ್ ಮೇಲಿನ ಹಲ್ಲಿನ ಚಕ್ರ) ಕಥೆ ಚಿಕ್ಕದು. ಹಳೇ ಬೈಕು ಬೂಸ್ಟ್ ಅಲ್ಲ, ಅದರ ರಿಂಗ್ 6 ಮಿ.ಮೀ. ಆಫ್‌ಸೆಟ್‌ನದ್ದು, ಅಂದರೆ ಫ್ರೇಮ್ ಕಡೆಗೆ ಅಷ್ಟು ಒಳಸರಿದದ್ದು. ಬೂಸ್ಟ್ ಫ್ರೇಮ್‌ಗೆ 3 ಮಿ.ಮೀ. ಬೇಕು. ಮೂರು ಮಿಲಿಮೀಟರ್ ಏನು ಮಹಾ ಅಲ್ವಾ? ಚಿಕ್ಕ ಗೇರ್‌ಗಳ ಕಡೆ ಹೋದಂತೆ ಚೈನ್ ಇರಬೇಕಾದ್ದಕ್ಕಿಂತ ಹೆಚ್ಚು ಓರೆಯಾಗಿ ಓಡುತ್ತಿತ್ತು.

ಈಗ ಚೈನ್. ನನ್ನ ದಿಟವಾದ ದಡ್ಡತನ ಇದು. ಹಳೇ ಬೈಕಿಗೆ ಹಿಂದೆ ಸಸ್ಪೆನ್ಷನ್ ಇರಲಿಲ್ಲ. ಅಲ್ಲಿ ಮಾಡುತ್ತಿದ್ದ ಹಾಗೇ ಇಲ್ಲೂ ಮಾಡಿದೆ. ಡಿರೇಲರ್ ಬಿಟ್ಟು ದೊಡ್ಡ ರಿಂಗ್, ದೊಡ್ಡ ಗೇರ್ ಸುತ್ತ ಚೈನ್ ಸುತ್ತಿದೆ, ಒಂಚೂರು ಸೇರಿಸಿ ಕತ್ತರಿಸಿದೆ. ಬೈಕ್ ಸ್ಟ್ಯಾಂಡ್‌ನಲ್ಲಿ ನೇತಾಡುತ್ತಿತ್ತು, ಶಾಕ್ ಪೂರ್ತಿ ಹಿಗ್ಗಿತ್ತು. ಆದರೆ ಹಿಂದಿನ ಸಸ್ಪೆನ್ಷನ್ ಒತ್ತಿದಾಗ ಬಹಳಷ್ಟು ಫ್ರೇಮ್‌ಗಳಲ್ಲಿ ಹಿಂದಿನ ಆಕ್ಸಲ್ ಕ್ರ್ಯಾಂಕ್‌ನಿಂದ ಇನ್ನಷ್ಟು ದೂರ ಹೋಗುತ್ತದೆ. ಅಷ್ಟು ಉದ್ದ ಚೈನ್‌ನಲ್ಲಿ ಇರಲೇಬೇಕು. ಶಾಕ್‌ನ ಗಾಳಿ ಬಿಟ್ಟು, ಸಸ್ಪೆನ್ಷನ್ನನ್ನು ಕೊನೆಯವರೆಗೂ ನಿಧಾನಕ್ಕೆ ಒತ್ತಿ, ಆಕ್ಸಲ್ ಅತಿ ದೂರ ಇರುವ ಜಾಗದಲ್ಲಿ ಅಳೆಯಬೇಕಿತ್ತು. ಹತ್ತು ನಿಮಿಷದ ಕೆಲಸ.

ಇನ್ನು ಎಲ್ಲಾ ತಪ್ಪುಗಳೂ ಒಂದೇ ಕಡೆ ಸೇರಿದ ದಿನ. ಕಲ್ಲು ತುಂಬಿದ ಗಿಡ್ಡ ಏರು. ನಡುವಿನ ಗೇರ್‌ಗಳನ್ನು ನಂಬುವ ಹಾಗಿರಲಿಲ್ಲ, ಜೋರಾಗಿ ತುಳಿದಾಗ ಒಮ್ಮೆ ಚೈನ್ ಹಾರಿ ಮೊಣಕಾಲು ಹ್ಯಾಂಡಲ್‌ಗೆ ಬಡಿದಿತ್ತು. ಹಾಗಾಗಿ ಸುಮ್ನೆ 51ರಲ್ಲೇ ಇಟ್ಟು ಹತ್ತಿದೆ, ಅದೊಂದು ಗೇರ್ ಸರಿ ಇತ್ತಲ್ಲ. ಏರು ಮುಗಿದ ಕೂಡಲೇ ಕೆಳಕ್ಕೆ ಒಂದು ಸಣ್ಣ ಜಿಗಿತ. ಗೇರ್ ಇಳಿಸಲು ಎರಡು ಸಲ ಒತ್ತಿದೆ, ಚೈನ್ ಕದಲಲಿಲ್ಲ. ಹಾಗೇ 51ರಲ್ಲೇ ಇಳಿದೆ. ಚಕ್ರ ನೆಲಕ್ಕೆ ಬಡಿಯಿತು, ಸಸ್ಪೆನ್ಷನ್ ಒತ್ತಿತು, ಚೈನ್ ಬಿಗಿದ ತಂತಿಯಂತೆ ನಿಂತು ಡಿರೇಲರನ್ನು ಮುಂದಕ್ಕೆ ಎಳೆದು ಹ್ಯಾಂಗರ್ ಮುರಿಯಿತು. ಮುರಿದ ಡಿರೇಲರ್ ಕಡ್ಡಿಗಳ ನಡುವೆ ನುಗ್ಗಿತು. ಚಕ್ರ ನಿಂತಿತು, ನಾನು ನಿಲ್ಲಲಿಲ್ಲ.

ಶಿಫ್ಟರ್ ಸರಿ ಇದ್ದಿದ್ದರೆ ನಾನು 51ರಲ್ಲಿ ಇರುತ್ತಿರಲಿಲ್ಲ. ಚೈನ್ ಉದ್ದ ಇದ್ದಿದ್ದರೆ 51ರಲ್ಲಿ ಇದ್ದರೂ ಏನೂ ಆಗುತ್ತಿರಲಿಲ್ಲ. ಒಂದೊಂದನ್ನೇ ನೋಡಿದರೆ ಎರಡೂ "ಹೇಗೋ ಓಡುತ್ತೆ" ಅನ್ನುವಂಥವೇ.

ಬೇರೆ ಬೇರೆ ಕಂಪನಿ ಬೆರೆಸಲೇಬಾರದು ಅಂತ ನಾನು ಹೇಳುತ್ತಿಲ್ಲ. ಈಗಲೂ ನನ್ನ ಬೈಕಿನಲ್ಲಿ ಸ್ರ್ಯಾಮ್ ಕ್ರ್ಯಾಂಕೇ ಇದೆ, 3 ಮಿ.ಮೀ. ರಿಂಗ್ ಹಾಕಿದ್ದೇನೆ. ಕ್ರ್ಯಾಂಕ್‌ಗೂ ಗೇರ್ ಕ್ಲಿಕ್ಕಿಗೂ ಸಂಬಂಧ ಇಲ್ಲ. ಅಲ್ಲಿ ನೋಡಬೇಕಾದದ್ದು ಬಾಟಮ್ ಬ್ರ್ಯಾಕೆಟ್, ಅಂದರೆ ಕ್ರ್ಯಾಂಕ್ ತಿರುಗುವ ಬೇರಿಂಗ್: ಸ್ರ್ಯಾಮ್‌ನ ಡಬ್ ಮಾದರಿ ಕ್ರ್ಯಾಂಕ್‌ನ ಅಚ್ಚು 28.99 ಮಿ.ಮೀ., ಶಿಮಾನೋದ್ದು 24, ಶಿಮಾನೋ ಬೇರಿಂಗ್‌ಗೆ ಡಬ್ ಹೋಗುವುದಿಲ್ಲ. ಶಿಫ್ಟರ್ ಮತ್ತು ಡಿರೇಲರ್ ಮಾತ್ರ ಒಂದೇ ಕಂಪನಿ, ಒಂದೇ ಪೀಳಿಗೆ. ಇದರಲ್ಲಿ ರಾಜಿ ಬೇಡ. ಚೈನನ್ನು ಕ್ಯಾಸೆಟ್ ನೋಡಿ ತನ್ನಿ. ಶಿಮಾನೋ 12ರ ಚೈನ್‌ನ ಒಳಪಟ್ಟಿಗಳು ಅವರದೇ ಹಲ್ಲುಗಳಿಗೆ ತಕ್ಕಂತೆ ಉದ್ದ ಇವೆ. ಬೇರೆ ಚೈನ್ ಓಡುತ್ತದೆ, ಆದರೆ ತುಳಿಯುತ್ತಲೇ ಗೇರ್ ಬದಲಿಸುವಾಗಿನ ಆ ನಯ ಇರುವುದಿಲ್ಲ. ಇನ್ನು ಚೈನ್‌ನ ಎರಡು ತುದಿ ಸೇರಿಸುವ ಕ್ವಿಕ್ ಲಿಂಕ್. ಈ 12 ಸ್ಪೀಡ್ ಲಿಂಕ್‌ಗಳನ್ನು ಒಮ್ಮೆ ಬಿಚ್ಚಿದರೆ ಮತ್ತೆ ಹಾಕಬೇಡಿ ಅಂತ ಎರಡೂ ಕಂಪನಿಯವರು ಹೇಳುತ್ತಾರೆ, ಒಂದು ಜೊತೆ ಹೆಚ್ಚಿಗೆ ಇಟ್ಟುಕೊಳ್ಳಿ. ಮತ್ತೆ, ಸ್ಟ್ಯಾಂಡ್ ಮೇಲೆ ಗೇರ್ ಬದಲಾಯಿತು ಅಂತ ಖುಷಿಪಡಬೇಡಿ. ಅಲ್ಲಿ ಚೈನ್ ಮೇಲೆ ಭಾರವೇ ಇರುವುದಿಲ್ಲ. ಮನೆ ಹತ್ತಿರದ ಯಾವುದಾದರೂ ಏರಿನಲ್ಲಿ ಒಂದೊಂದೇ ಗೇರ್ ಹಾಕಿ ತುಳಿದು ನೋಡಿ, ಹನ್ನೆರಡನ್ನೂ.

ಆ ಈಗಲ್ ಶಿಫ್ಟರನ್ನು ಮೊನ್ನೆ ಮಾರಾಟಕ್ಕೆ ಹಾಕಿದೆ. "ಈಗಲ್ ಡಿರೇಲರ್ ಇರುವವರು ಮಾತ್ರ ಕೇಳಿ" ಅಂತ ಮೊದಲ ಸಾಲಿನಲ್ಲೇ ಬರೆದಿದ್ದೆ. ಅರ್ಧ ಗಂಟೆಯಲ್ಲಿ ಮೊದಲ ಮೆಸೇಜ್ ಬಂತು: "ಶಿಮಾನೋ 12 ಸ್ಪೀಡ್‌ಗೆ ಆಗುತ್ತಾ?"