ಪೊರೆಯಲ್ಲಿ ಪ್ರೋಟೀನಿನ ಜಾಗ ತೋರಿಸುವ ಒಪಿಎಂ: ಬಳಸಿದವರ ವಿಮರ್ಶೆ

ಪ್ರೋಟೀನುಗಳ ರಚನೆಗಳ ಸಂಗ್ರಹವಾದ ಪ್ರೊಟೀನ್ ಡೇಟಾ ಬ್ಯಾಂಕಿನಿಂದ ಪೊರೆಪ್ರೋಟೀನಿನ, ಅಂದರೆ ಜೀವಕೋಶದ ಪೊರೆಯಲ್ಲಿ ಹುದುಗಿರುವ ಪ್ರೋಟೀನಿನ, ರಚನೆಯನ್ನು ಇಳಿಸಿಕೊಂಡವರಿಗೆಲ್ಲ ಎದುರಾಗುವ ತೊಡಕೊಂದಿದೆ. ಪ್ರೋಟೀನಿನ ಪರಮಾಣುಗಳ ಜಾಗವೆಲ್ಲ ಅಲ್ಲಿರುತ್ತದೆ, ಆದರೆ ಅದನ್ನು ಹಿಡಿದಿಟ್ಟಿದ್ದ ಕೊಬ್ಬಿನ ಪದರ ಎಲ್ಲಿಂದ ಎಲ್ಲಿಯವರೆಗಿತ್ತು ಎಂಬುದು ಇರುವುದಿಲ್ಲ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಒಪಿಎಂ (ಓರಿಯೆಂಟೇಶನ್ಸ್ ಆಫ್ ಪ್ರೋಟೀನ್ಸ್ ಇನ್ ಮೆಂಬ್ರೇನ್ಸ್) ದತ್ತಸಂಚಯವೂ ಅದರ ಜೊತೆಗಿರುವ, ನಾವು ಕೊಟ್ಟ ರಚನೆಗೆ ಪೊರೆಯಲ್ಲಿನ ಜಾಗವನ್ನು ಲೆಕ್ಕಹಾಕುವ ಪಿಪಿಎಂ ಸರ್ವರೂ ಈ ಕೊರತೆಯನ್ನು ತುಂಬುತ್ತವೆ. ಎರಡೂ ಉಚಿತ. ಎಂ.ಎಸ್ಸಿ. ತರಗತಿಯ ಪಾಠಕ್ಕೆ ಕೆಲವು ವರ್ಷಗಳಿಂದ ಇವನ್ನು ಬಳಸುತ್ತಿದ್ದೇನೆ.

ಪ್ರೋಟೀನು ನೀರಿನಿಂದ ಪೊರೆಗೆ ಸರಿಯುವಾಗಿನ ಶಕ್ತಿ ಯಾವ ಆಳದಲ್ಲಿ, ಎಷ್ಟು ಓರೆಯಲ್ಲಿ ಅತ್ಯಂತ ಕಡಿಮೆಯಾಗುತ್ತದೆಂದು ಸರ್ವರ್ ಲೆಕ್ಕಹಾಕಿ, ಪೊರೆಯ ಎರಡು ಗಡಿಗಳನ್ನು ಚುಕ್ಕೆಗಳ ಹಾಸಿನಂತೆ ರಚನೆಗೆ ಸೇರಿಸಿ ಕೊಡುತ್ತದೆ: ಹೊರಬದಿಗೆ ಕೆಂಪು, ಒಳಬದಿಗೆ ನೀಲಿ. ಬೆಳಕಿನ ಬಲದಿಂದ ಪ್ರೋಟಾನುಗಳನ್ನು ಸಾಗಿಸುವ ಬ್ಯಾಕ್ಟೀರಿಯೊರೊಡಾಪ್ಸಿನ್ ಎಂಬ ಪ್ರೋಟೀನಿನ ರಚನೆಯನ್ನು (ಡೇಟಾ ಬ್ಯಾಂಕಿನಲ್ಲಿ ಅದರ ಗುರುತು 1ಸಿ3ಡಬ್ಲ್ಯು) ಹೀಗೆ ರಚನೆಗಳನ್ನು ತೋರಿಸುವ ಪೈಮಾಲ್ ತಂತ್ರಾಂಶದಲ್ಲಿ ತೆರೆದರೆ, ಸುಮಾರು 30 ಆಂಗ್‌ಸ್ಟ್ರಾಮ್ (3 ನ್ಯಾನೋಮೀಟರ್) ಅಂತರದ ಎರಡು ಹಾಸುಗಳ ನಡುವೆ ಏಳು ಹೆಲಿಕ್ಸ್‌ಗಳು, ಅಂದರೆ ಸುರುಳಿಗಳು, ನಿಂತಿರುವುದು ಕಣ್ಣಿಗೆ ಕಟ್ಟುತ್ತದೆ. ಕಪ್ಪುಹಲಗೆಯ ಮೇಲೆ ನಾನು ಎಷ್ಟು ಬರೆದರೂ ಇಷ್ಟು ಚೆನ್ನಾಗಿ ತಿಳಿಸಲಾಗಿರಲಿಲ್ಲ.

ಎಚ್ಚರ ಬೇಕಾದದ್ದು ಒಂದು ಆಯ್ಕೆಯಲ್ಲಿ. ಪ್ರೋಟೀನಿನ ಎನ್-ತುದಿ, ಅಂದರೆ ಅದರ ಸರಪಳಿ ಆರಂಭವಾಗುವ ತುದಿ, ಒಳಗಿದೆಯೋ ಹೊರಗಿದೆಯೋ ಎಂಬುದನ್ನು ಸರ್ವರಿಗೆ ನಾವೇ ಹೇಳಬೇಕು. ಆಳ ಮತ್ತು ಓರೆಯನ್ನಷ್ಟೇ ಅದು ಲೆಕ್ಕಹಾಕುತ್ತದೆ. ನನ್ನ ವಿದ್ಯಾರ್ಥಿನಿಯೊಬ್ಬಳು ಇದೇ ಬ್ಯಾಕ್ಟೀರಿಯೊರೊಡಾಪ್ಸಿನ್ನಿಗೆ 'ಒಳಗೆ' ಎಂದು ಕೊಟ್ಟಿದ್ದಳು, ಅದರ ಎನ್-ತುದಿ ಇರುವುದು ಹೊರಗೆ. ಹೆಲಿಕ್ಸ್‌ಗಳೆಲ್ಲ ಸರಿಯಾಗಿಯೇ ಕೂತಿದ್ದವು, ಬಣ್ಣಗಳು ಮಾತ್ರ ಅದಲುಬದಲಾಗಿದ್ದವು. ಒಳಬದಿಗೆ ಹತ್ತಿರವಿರಬೇಕಾದ 96ನೆಯ ಅಮೈನೋ ಆಮ್ಲವಾದ ಆಸ್ಪಾರ್ಟೇಟ್ ಕೆಂಪು ಹಾಸಿನ ಕಡೆ ಕಂಡಿತು. ಪ್ರೋಟಾನುಗಳನ್ನು ಜೀವಕೋಶದಿಂದ ಹೊರಹಾಕುವ ಪಂಪು ಒಳಕ್ಕೆ ಎಳೆಯುವಂತೆ ತೋರಿತು. ಪ್ರೋಟೀನು ಯಾವ ಬದಿಗೆ ತಿರುಗಿ ನೆಲೆಗೊಳ್ಳುತ್ತದೆಂಬುದು ಬಹುಮಟ್ಟಿಗೆ ಅದು ಪೊರೆಗೆ ಸೇರುವ ಹೊತ್ತಿನಲ್ಲೇ ನಿರ್ಧಾರವಾಗುತ್ತದೆ, ಆ ಚರಿತ್ರೆಯನ್ನು ಸಿದ್ಧ ರಚನೆಯಿಂದ ಸರ್ವರ್ ಓದಲಾರದು. ವಿಜ್ಞಾನಿ ಗುನ್ನಾರ್ ಫಾನ್ ಹೈನೆ 1986ರಲ್ಲಿ ತೋರಿಸಿದ ನಿಯಮದಂತೆ, ಧನ ವಿದ್ಯುದಂಶದ ಅಮೈನೋ ಆಮ್ಲಗಳಾದ ಲೈಸಿನ್ ಮತ್ತು ಆರ್ಜಿನಿನ್ ಹೆಚ್ಚಿರುವ, ಹೆಲಿಕ್ಸ್‌ಗಳನ್ನು ಜೋಡಿಸುವ ಕುಣಿಕೆಗಳು ಸಾಮಾನ್ಯವಾಗಿ ಒಳಬದಿಯಲ್ಲಿ ಉಳಿಯುತ್ತವೆ. ಹಾಗಾಗಿ ಕುಣಿಕೆಗಳಲ್ಲಿ ಅವನ್ನು ಮೊದಲು ಎಣಿಸಿ ನೋಡಿ, ಆಮೇಲೆ ಆಯ್ಕೆ ಮಾಡುವಂತೆ ಈಗ ಎಲ್ಲರಿಗೂ ಹೇಳುತ್ತೇನೆ.

2022ರ ಪಿಪಿಎಂ 3.0 ಬಾಗಿದ ಪೊರೆಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಇದು ನಿಜವಾದ ಪ್ರಗತಿ. ಆದರೂ ಪೊರೆ ಇಲ್ಲಿ ಒಂದು ನುಣುಪಾದ ಪದರ, ಬಿಡಿ ಲಿಪಿಡ್‌ಗಳು, ಅಂದರೆ ಕೊಬ್ಬಿನ ಅಣುಗಳು, ಇಲ್ಲ. ಅವು ಬೇಕಾದವರು ಒಪಿಎಂ ಕೊಟ್ಟ ಸ್ಥಾನವನ್ನೇ ಚಾರ್ಮ್-ಜಿಯುಐ ಎಂಬ ಜಾಲತಾಣಕ್ಕೆ ಒಯ್ದು, ಅಣುಗಳ ಚಲನೆಯನ್ನು ಲೆಕ್ಕಹಾಕುವ ಸಿಮ್ಯುಲೇಶನ್ ಕಟ್ಟಬಹುದು. ಎರಡು ಬದಿಗೂ ಬೇರೆಬೇರೆ ಲಿಪಿಡ್ ಇಡುವವರಾದರೆ, ಹೊರಡುವ ಮುನ್ನ ನೀಲಿ ಹಾಸು ಯಾವ ಕಡೆಗಿದೆಯೆಂದು ಇನ್ನೊಮ್ಮೆ ನೋಡಿಕೊಳ್ಳಿ.