ಮಳೆಗಾಲ ದಾಟಿದ ಡೈರಿ: ಬರೆಯೋಕೂ ಆಯ್ತು, ಬಿಡಿಸೋಕೂ ಆಯ್ತು

ಬರೆಯುವ ಡೈರಿಯಲ್ಲಿ ಬಣ್ಣ ಹಾಕಿದರೆ ಹಿಂದಿನ ಪುಟಕ್ಕೆ ಇಳಿಯುತ್ತದೆ. ಡ್ರಾಯಿಂಗ್ ಪುಸ್ತಕದಲ್ಲಿ ಬರೆಯೋಣ ಎಂದರೆ ನಿಬ್ಬು ಕೆರೆಯುತ್ತದೆ, ನಾರು ಕಿತ್ತು ಬರುತ್ತದೆ. ಎರಡಕ್ಕೂ ಆಗುವಂಥದ್ದು ಬೇಕು ಅಂತ ಹುಡುಕಿ ಹುಡುಕಿ ಕೊನೆಗೆ ಶಿವಮೊಗ್ಗದ ದುರ್ಗಿಗುಡಿಯ ಒಂದು ಸ್ಟೇಷನರಿ ಅಂಗಡಿಯಲ್ಲಿ ಈ ಕೈಹೊಲಿಗೆಯ ಜರ್ನಲ್ ತಗೊಂಡೆ. ಬೆಲೆ 480 ರೂಪಾಯಿ. ಕಂಪನಿ ಹೆಸರು ಹೇಳಲ್ಲ, ಕೆಳಗೆ ಸ್ವಲ್ಪ ಬೈಯುವುದಿದೆ.

ಅಳತೆ ಎ5, ಅಂದರೆ ಜೆರಾಕ್ಸ್ ಹಾಳೆಯ ಅರ್ಧ. ಗೆರೆಯಿಲ್ಲದ 160 ಪುಟ, ಬಟ್ಟೆ ಹೊದಿಸಿದ ರಟ್ಟು, ಮುಚ್ಚಿಡಲು ಎಲಾಸ್ಟಿಕ್ ಪಟ್ಟಿ. ಕಾಗದ 120 ಜಿಎಸ್‌ಎಂ. ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅನ್ನುವುದೇ ಈ ಜಿಎಸ್‌ಎಂ ಲೆಕ್ಕ. ಜೆರಾಕ್ಸ್ ಹಾಳೆ 70ರಿಂದ 80 ಇರುತ್ತದೆ, ಸರಿಯಾದ ಜಲವರ್ಣದ ಹಾಳೆ 300. ಹಾಗಾಗಿ ಇದರ ಮೇಲೆ ಧಾರಾಳವಾಗಿ ನೀರು ಸುರಿಯುವ ಹಾಗಿಲ್ಲ. ಬ್ರಷ್ ಹಿಂಡಿಕೊಂಡು ತೆಳುವಾಗಿ ಬಳಿದರೆ ತಡೆಯುತ್ತದೆ. ಹಾಳೆ ಸ್ವಲ್ಪ ಸೊಟ್ಟಗಾಗುತ್ತದೆ, ರಾತ್ರಿ ಮೇಲೆ ಭಾರ ಇಟ್ಟರೆ ಬೆಳಿಗ್ಗೆಗೆ ಸುಮಾರಾಗಿ ನೆಟ್ಟಗಾಗಿರುತ್ತದೆ.

ಹೊಲಿಗೆ ಮಾತ್ರ ಫಸ್ಟ್ ಕ್ಲಾಸ್. ಅಂಟು ಹಾಕಿದ ಪುಸ್ತಕದ ಹಾಗೆ ನಡುವೆ ಒತ್ತಿ ಹಿಡಿಯಬೇಕಾಗಿಲ್ಲ, ಎಲ್ಲಿ ತೆರೆದರೂ ಮಟ್ಟಸವಾಗಿ ಮಲಗುತ್ತದೆ. ಎಡಪುಟದಲ್ಲಿ ಚಿತ್ರ, ಬಲಪುಟದಲ್ಲಿ ಬರಹ ಅಂತ ಇಟ್ಟುಕೊಳ್ಳುವವರಿಗೆ ಇದು ದೊಡ್ಡ ಅನುಕೂಲ.

ಈಗ ಮಳೆಗಾಲದ ಕಥೆ. ನಮ್ಮದು ತೀರ್ಥಹಳ್ಳಿ ಕಡೆ. ಜೂನ್‌ನಲ್ಲಿ ಶುರುವಾದರೆ ಒಗೆದ ಬಟ್ಟೆ ಒಣಗಿಸೋಕೆ ಬಚ್ಚಲೊಲೆಯೇ ಗತಿ. ಅಂಥ ಹವೆಯಲ್ಲಿ ಕಾಗದ ಗಾಳಿಯ ನೀರನ್ನು ಹೀರಿಕೊಂಡು ಮೆತ್ತಗಾಗುತ್ತದೆ, ಇಂಕ್ ಪೆನ್ನಿನ ಮಸಿ ಅಕ್ಷರದ ಅಂಚಿನಿಂದ ಕವಲೊಡೆದು ಹರಡುತ್ತದೆ. ಕಾಗದ ಮಾಡುವಾಗ ಅದಕ್ಕೆ ಗಂಜಿಯೋ ಅಂಟೋ ಹಾಕಿ ಹದ ಮಾಡಿರುತ್ತಾರೆ, ಸೈಜಿಂಗ್ ಅನ್ನುತ್ತಾರೆ. ಮಸಿಯನ್ನು ತಡೆದು ನಿಲ್ಲಿಸುವುದು ಅದೇ. ಇದರಲ್ಲಿ ಆ ಹದ ಚೆನ್ನಾಗಿದೆ ಅಂತ ಆರಿದ್ರಾ ಮಳೆಯಲ್ಲೇ ಗೊತ್ತಾಯಿತು. ಪುಷ್ಯ ಮಳೆ ಹೊಡೆಯುವಾಗ ಮಾತ್ರ ಸ್ವಲ್ಪ ಹರಡಿತು, ಓದೋಕೆ ತೊಂದರೆಯಿಲ್ಲ. ಬರೆದದ್ದರ ಮೇಲೆ ಬಣ್ಣ ಹಾಕುವವರು ಪಿಗ್ಮೆಂಟ್ ಇಂಕಿನ ಪೆನ್ನು ತಗೊಳ್ಳಿ. ಮಾಮೂಲಿ ಡೈ ಇಂಕ್ ಒಂದು ಹನಿ ನೀರು ಬಿದ್ದರೂ ಕರಗಿ ಹೋಗುತ್ತದೆ.

ರಟ್ಟಿನ ಬಟ್ಟೆಯದೇ ತಲೆನೋವು. ಜುಲೈ ಮುಗಿಯುವಷ್ಟರಲ್ಲಿ ಬೆನ್ನಿನ ಕಡೆ ಬೂಷ್ಟು ಬಂತು. ಒಣಬಟ್ಟೆಯಲ್ಲಿ ಒರೆಸಿ, ಬಿಸಿಲು ಕಂಡ ದಿನ ತೆರೆದಿಟ್ಟರೆ ಹೋಗುತ್ತದೆ, ಆದರೆ ಕಲೆ ಉಳಿಯಿತು. ಎಲಾಸ್ಟಿಕ್ ಅಂತೂ ಜೋಲುಬಿದ್ದು ಈಗ ಇದ್ದೂ ಇಲ್ಲದ ಹಾಗೆ. 480 ರೂಪಾಯಿ ತಗೊಂಡು ಮಲೆನಾಡಿನ ಅಂಗಡಿಯಲ್ಲಿ ಮಾರುವ ಪುಸ್ತಕಕ್ಕೆ ಮಳೆ ತಡೆಯುವ ಹೊದಿಕೆ ಹಾಕೋಕೆ ಏನು ಕಷ್ಟ?

ಇನ್ನೊಂದು ಕಿರಿಕಿರಿ ಮೊದಲ ಕೆಲವು ಪುಟಗಳದ್ದು. ತಿಂಗಳಿಗೆ 31 ಚೌಕ ಹಾಕಿ ‘ಐದಕ್ಕೆ ಎದ್ದೆನಾ’, ‘ಧ್ಯಾನ ಮಾಡಿದೆನಾ’ ಅಂತ ಅಚ್ಚು ಹಾಕಿದ್ದಾರೆ. ಜಡಿಮಳೆಯಲ್ಲಿ ಕಂಬಳಿ ಬಿಟ್ಟು ಐದಕ್ಕೆ ಏಳುವವರಿಗೆ ಡೈರಿ ಯಾಕೆ ಬೇಕು ಹೇಳಿ! ನಾನು ಆ ಚೌಕಗಳನ್ನು ಮಳೆ ಲೆಕ್ಕಕ್ಕೆ ಇಟ್ಟುಕೊಂಡೆ. ನಮ್ಮ ಕಡೆ ತೋಟದ ಮನೆಗಳಲ್ಲಿ ದಿನಾ ಮಳೆ ಅಳೆದು ಇಂಚು, ಸೆಂಟಿನ ಲೆಕ್ಕದಲ್ಲಿ ಬರೆದಿಡುವುದು ಹಳೇ ರೂಢಿ. ಒಂದು ಇಂಚಿಗೆ ನೂರು ಸೆಂಟ್ಸ್. ಮಳೆ ಜಾಸ್ತಿ ಬಂದ ದಿನಕ್ಕೆ ಗಾಢ ನೀಲಿ, ಹೊಳವಾದ ದಿನಕ್ಕೆ ಬಿಳಿ ಬಿಟ್ಟೆ. ಪಕ್ಕದಲ್ಲೇ ಆ ದಿನದ ಮನಸ್ಸಿಗೆ ಇನ್ನೊಂದು ಬಣ್ಣದ ಚುಕ್ಕಿ. ಜಾಸ್ತಿ ಮಳೆ ಬಂದ ದಿನ ಬೇಜಾರು ಜಾಸ್ತಿ ಇರುತ್ತೆ ಅಂದುಕೊಂಡಿದ್ದೆ. ಹಾಗೇನಿಲ್ಲ. ಕರೆಂಟು ಹೋದ ದಿನಗಳು ಎಷ್ಟೋ ಪಾಲು ವಾಸಿ, ಫೋನು ಸತ್ತಿರುತ್ತದಲ್ಲ.

ಜರ್ನಲ್ ಬರೆದರೆ ನಿಜಕ್ಕೂ ಉಪಯೋಗ ಇದೆಯಾ ಅಂತ ಕೇಳುವವರಿಗೆ ಒಂದು ಹಳೇ ಪ್ರಯೋಗ ಹೇಳುತ್ತೇನೆ. ಅಮೆರಿಕದ ಮನಃಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಮತ್ತು ಸ್ಯಾಂಡ್ರಾ ಬೀಲ್ 1986ರಲ್ಲಿ ಪ್ರಕಟಿಸಿದ್ದು. ಕಾಲೇಜು ಹುಡುಗರಿಗೆ ಬದುಕಿನಲ್ಲಿ ತುಂಬಾ ನೋವು ಕೊಟ್ಟ ವಿಷಯವನ್ನು ದಿನಕ್ಕೆ 15 ನಿಮಿಷ, ಸತತ ನಾಲ್ಕು ದಿನ ಬರೆಯಲು ಹೇಳಿದ್ದರು. ಬರೆದ ಕೂಡಲೇ ಅವರ ಮನಸ್ಸು ಇನ್ನಷ್ಟು ಭಾರವಾಗಿತ್ತು. ಆದರೆ ಮುಂದಿನ ತಿಂಗಳುಗಳಲ್ಲಿ, ನಡೆದದ್ದನ್ನೂ ಅದರಿಂದ ಆದ ಭಾವನೆಯನ್ನೂ ಸೇರಿಸಿ ಬರೆದವರು ಕಾಲೇಜಿನ ಆಸ್ಪತ್ರೆಗೆ ಹೋದದ್ದು ಕಡಿಮೆ. 15 ನಿಮಿಷ ಬರೆದರೆ ನನ್ನ ಕೈಬರಹಕ್ಕೆ ಈ ಪುಸ್ತಕದ ಎರಡು ಪುಟ ಹಿಡಿಯುತ್ತದೆ, ಅಳತೆ ಹೇಳಿ ಮಾಡಿಸಿದ ಹಾಗಿದೆ.

ಆದರೆ ಬರೀ ಬರೆಯುತ್ತಾ ಹೋದರೆ ನನ್ನಂಥವರು ಹೇಳಿದ್ದನ್ನೇ ಹೇಳುತ್ತೇವೆ. ಆಗಸ್ಟ್‌ನಲ್ಲಿ ತೋಟಕ್ಕೆ ದನ ನುಗ್ಗಿ ಅಡಿಕೆ ಸಸಿ ತಿಂದವು. ಉಣಗೋಲು, ಅಂದರೆ ಬೇಲಿಯ ದಾರಿಗೆ ಅಡ್ಡ ಹಾಕುವ ಬಿದಿರು, ತೆಗೆದಿಟ್ಟವರು ಯಾರು ಅಂತ ತಮ್ಮನಿಗೂ ನನಗೂ ಜಗಳ. ಅವನು ಹೀಗಂದ, ನಾನು ಹೀಗಂದೆ ಅಂತ ಪುಟಗಟ್ಟಲೆ ಬರೆದೆ, ಸಿಟ್ಟು ಇಳಿಯಲಿಲ್ಲ, ಏರಿತು. ಆಮೇಲೆ ಸುಮ್ನೆ ಹೋಗಿ ಉಣಗೋಲಿನ ಎದುರು ಕೂತು ಅದನ್ನೇ ಬಿಡಿಸಿದೆ. ಎರಡು ಕಂಬ, ಕಂಬದಲ್ಲಿ ತೂತು, ತೂತಿನಲ್ಲಿ ಅಡ್ಡ ಬಿದಿರು. ಕೆಳಗಿನ ತೂತು ಬಿಡಿಸುವಾಗ ಪೆನ್ಸಿಲ್ ಗುಂಡಗೆ ಸುತ್ತಲಿಲ್ಲ, ಉದ್ದಕ್ಕೆ ಇಳಿಯಿತು. ಯಾಕೆ ಅಂತ ನೋಡಿದರೆ ಕಂಬ ಒಳಗಿಂದ ಕುಂಬಾಗಿ ತೂತು ಹರಿದುಕೊಂಡಿದೆ, ದನ ಮೈ ಉಜ್ಜಿದರೆ ಸಾಕು, ಬಿದಿರು ತಾನೇ ಜಾರುತ್ತದೆ. ಯಾರೂ ತೆಗೆದಿಟ್ಟಿದ್ದಲ್ಲ. ಬರೆಯುವಾಗ ಕಣ್ಣು ಜಗಳದ ಮೇಲಿತ್ತು, ಬಿಡಿಸುವಾಗ ಕಂಬದ ಮೇಲೆ ಬಂತು. ಇದಕ್ಕೇ ನಾನು ಎರಡೂ ಆಗುವ ಪುಸ್ತಕವೇ ಬೇಕು ಅಂತ ಹಠ ಹಿಡಿಯುವುದು.

ಚಿತ್ರಕ್ಕೆ ಇನ್ನೊಂದು ಲಾಭ ಇದೆ, ಕೂಡು ಮನೆಯಲ್ಲಿ ಇರುವವರಿಗೆ ಅರ್ಥವಾಗುತ್ತದೆ. ಬರೆದದ್ದನ್ನು ಮನೆಯವರೆಲ್ಲ ಓದುತ್ತಾರೆ. ಉಣಗೋಲಿನ ಚಿತ್ರ ನೋಡಿದ ಅತ್ತೆ ‘ಚೆಂದ ಬಂದಿದೆ’ ಅಂದು ಪುಟ ತಿರುವಿದರು.

‘ನಂಗೆ ಚಿತ್ರ ಬರಲ್ಲ’ ಅನ್ನುವವರೇ, ಸಾಗರದ ಕಡೆ ದೀವರ ಹೆಣ್ಣುಮಕ್ಕಳು ಭೂಮಿ ಹುಣ್ಣಿಮೆಗೆ ಬುಟ್ಟಿಯ ಮೇಲೆ ಬಿಡಿಸುವ ಚಿತ್ತಾರ ನೋಡಿ. ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿನಾರಿನ ಕುಂಚದಲ್ಲಿ ಎಳೆಯುವ ಗೆರೆಗಳು. ಅವರು ಯಾವ ಆರ್ಟ್ ಸ್ಕೂಲಿಗೆ ಹೋಗಿದ್ದರು? ಮನೆಯ ಹಿರಿಯರ ಪಕ್ಕ ಕೂತು ಕಲಿತದ್ದು ಅಷ್ಟೇ.

ಬಣ್ಣಕ್ಕೂ ದುಡ್ಡು ಸುರಿಯಬೇಕಿಲ್ಲ. ಕೊನೆಕೊಯ್ಲು ಶುರುವಾದ ಮೇಲೆ ಅಡಿಕೆ ಬೇಯಿಸಿದ ಹಂಡೆಯಿಂದ ಒಂದು ಸೌಟು ಚೊಗರು ತಂದು ಈ ಪುಸ್ತಕದಲ್ಲೇ ಬಳಿದು ನೋಡಿದೆ. ಹಸಿ ಇದ್ದಾಗ ಕೆಂಪು, ಒಣಗಿದರೆ ಹಳೇ ಮರದ ಕಂದು. ಎರಡನೇ ಸಲ ಬಳಿದರೆ ಗಾಢವಾಗುತ್ತದೆ, ಅಂಚು ಕಟ್ಟುತ್ತದೆ. ಹೆಗ್ಗೋಡಿನ ಕೈಮಗ್ಗದ ಸಂಸ್ಥೆ ‘ಚರಕ’ದವರು ಬಟ್ಟೆಗೆ ಹಾಕುವುದೂ ಇದೇ ಚೊಗರಿನ ಬಣ್ಣ. ಕಾಗದ ಹಿಂದಕ್ಕೆ ಬಿಡಲಿಲ್ಲ. ಮಂದ ಚೊಗರು ಮಾತ್ರ ಬೇಡ, ಪುಟಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ತಗೋಬಹುದಾ? ಬರೀ ಬರೆಯುವವರಾದರೆ ಬೇಡ, ಅರವತ್ತು ಎಪ್ಪತ್ತು ರೂಪಾಯಿಯ ಲಾಂಗ್ ಬುಕ್ಕೇ ಸಾಕು. ಬರೀ ಜಲವರ್ಣದವರಿಗೂ ಬೇಡ, 300 ಜಿಎಸ್‌ಎಂ ಪ್ಯಾಡೇ ಸರಿ. ಎರಡೂ ಮಾಡುವವರು ಕಣ್ಣುಮುಚ್ಚಿ ತಗೊಳ್ಳಿ, ಆದರೆ ಮಳೆಗಾಲಕ್ಕೆ ಮುಂಚೆ ಪ್ಲಾಸ್ಟಿಕ್ ಹೊದಿಕೆ ಹಾಕಿಸಿ. ನನ್ನ ಕಡೆಯಿಂದ ಐದಕ್ಕೆ ನಾಲ್ಕು. ಕಂಪನಿಯವರೇ, ಆ ಒಂದು ಅಂಕ ಬೇಕಿದ್ದರೆ ಎಲಾಸ್ಟಿಕ್ ತೆಗೆದು ನೂಲಿನ ದಾರ ಹಾಕಿ, ಚೌಕಗಳನ್ನು ಹಾಗೇ ಇಟ್ಟು ಅದರ ಮೇಲಿನ ಉಪದೇಶ ಅಳಿಸಿ.